‘ಕೊಡಿದೆ’ ಎಂದ ಹುಡುಗಿ

ಕನ್ನಡವನ್ನು ತಾಯಿಯ ಹಾಲಿನೊಡನೆ ಕುಡಿದವರಿಗೆ ಅದರ ಕ್ರಿಯಾಪದಗಳು ಕಷ್ಟವೆಂಬ ಸಂಗತಿಯೇ ತಿಳಿದಿರುವುದಿಲ್ಲ. ‘ನಿನ್ನೆ ಬಂದೆ, ಇವತ್ತು ಇರುತ್ತೇನೆ, ನಾಳೆ ಹೋಗುತ್ತೇನೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಗೃಹಸ್ಥನಿಗೆ, ತಾನು ಮೂರು ಧಾತುಗಳನ್ನು ಹಿಡಿದು ಒಂದೊಂದನ್ನು ಒಂದೊಂದು ಬಗೆಯಾಗಿ ತಿರುಚಿದೆನೆಂಬ ಅರಿವು ಎಲ್ಲಿಂದ ಬರಬೇಕು? ‘ಬಾ’ ಎಂಬುದು ‘ಬಂದೆ’ ಆದುದು ಹೇಗೆ, ಅದರ ನಡುವೆ ಒಂದು ಅನುಸ್ವಾರ ಎಲ್ಲಿಂದ ಬಂದು ಕುಳಿತಿತು ಎಂದು ಅವನು ಎಂದೂ ಕೇಳಿಕೊಂಡವನಲ್ಲ. ಆ ಪ್ರಶ್ನೆ ಹುಟ್ಟುವುದು ಕನ್ನಡ ಬಾರದ ಜೀವವೊಂದು ಮನೆಯ ಹೊಸಿಲು ದಾಟಿ ಒಳಕ್ಕೆ ಬಂದಾಗ. ಅದು ದೂರದೇಶದಿಂದ ಬಂದ ಸೊಸೆಯಾಗಿರಬಹುದು, ಊರಿನ ಬ್ಯಾಂಕಿಗೆ ವರ್ಗವಾಗಿ ಬಂದ ಉತ್ತರದೇಶದ ತರುಣನಾಗಿರಬಹುದು. ಈಗಿನ ಕಾಲದಲ್ಲಿ ಹೆಚ್ಚಾಗಿ ಅದು ಮೊಮ್ಮಗಳೇ ಆಗಿರುತ್ತದೆ.

ಹಳೇಬೀಡಿಗೆ ಹೋಗುವ ಪ್ರವಾಸಿಗರಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿ, ನಂದಿಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಬೇಲೂರಿನ ದಾರಿ ಹಿಡಿಯುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಈ ಅವಸರ ಕಡಮೆಯಾದಂತೆ ಕಾಣುವುದಿಲ್ಲ. ಹತ್ತಿರದಲ್ಲೇ ಇರುವ ಹುಲಿಕೆರೆಗೆ ಬರುವವರು ವಿರಳ. ಬಂದವರು ನೋಡುವುದು ಒಂದೇ ಒಂದು ವಸ್ತುವನ್ನು: ಹೊಯ್ಸಳರ ಕಾಲದ ಕಲ್ಯಾಣಿ. ನೆಲದಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುವ ಕಲ್ಲಿನ ಮೆಟ್ಟಿಲುಗಳು, ಅವುಗಳ ನಡುನಡುವೆ ಗೂಡಿನಂತೆ ನಿಂತ ಪುಟ್ಟ ಪುಟ್ಟ ಗುಡಿಗಳು, ತಳದಲ್ಲಿ ಹಸುರು ನೀರು. ದೊಡ್ಡ ಗುಡಿಯ ಶಿಲ್ಪವೈಭವ ಇಲ್ಲಿಲ್ಲ. ಆದರೆ ಕುಳಿತು ಕಾಲ ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ತಾಣ ಸುತ್ತಮುತ್ತ ಸಿಗುವುದು ಕಷ್ಟ.

ಆ ಊರಿನಲ್ಲಿ ನಿವೃತ್ತರಾದ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರು. ಮಗ ಸೊಸೆ ಅಮೆರಿಕದಲ್ಲಿ. ಅಲ್ಲಿಯ ಶಾಲೆಗಳಿಗೆ ಬೇಸಗೆಯ ರಜೆ ಬರುವುದು ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಹಾಗಾಗಿ ಹನ್ನೊಂದು ವರ್ಷದ ಮೊಮ್ಮಗಳು ಆರಿದ್ರೆಯ ಮಳೆಯೊಡನೆಯೇ ಹುಲಿಕೆರೆಗೆ ಬಂದಿಳಿದಳು. ಎರಡು ತಿಂಗಳು ತಾತ ಅಜ್ಜಿಯರ ಬಳಿ ಇದ್ದು ಕನ್ನಡ ಕಲಿಯಲಿ ಎಂಬುದು ತಂದೆಯ ಬಯಕೆ. ಹುಡುಗಿಗೆ ಕನ್ನಡ ತೀರ ಬಾರದೆನ್ನುವಂತಿಲ್ಲ. ಆಡಿದ್ದು ಅರ್ಧಕ್ಕರ್ಧ ತಿಳಿಯುತ್ತಿತ್ತು. ಅವಳ ಬಾಯಲ್ಲಿದ್ದ ಕನ್ನಡವೆಲ್ಲ ಐದು ಮಾತುಗಳು: ಬೇಕು, ಬೇಡ, ಸಾಕು, ಗೊತ್ತು, ಇಲ್ಲ.

ಈ ಐದು ಮಾತುಗಳ ಮಹಿಮೆ ಸಾಮಾನ್ಯವಲ್ಲ. ಇವಕ್ಕೆ ಪುರುಷಭೇದವಿಲ್ಲ, ಲಿಂಗಭೇದವಿಲ್ಲ, ವಚನಭೇದವಿಲ್ಲ. ನನಗೂ ಬೇಕು, ನಿನಗೂ ಬೇಕು, ಅವರಿಗೂ ಬೇಕು. ‘ಬೇಕುತ್ತೇನೆ’ ಎಂದೇನೂ ಹೇಳಬೇಕಾಗಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ಕಳೆದ ಹೊರನಾಡಿನವರು ಅನೇಕರು ಈ ಐದರ ಮೇಲೆಯೇ ಸಂಸಾರ ನಡೆಸುತ್ತಿರುವುದನ್ನು ಯಾರು ಕಂಡಿಲ್ಲ? ಅಂಗಡಿ, ಆಟೋರಿಕ್ಷಾ, ಹೋಟೆಲು ಎಲ್ಲವೂ ಇವುಗಳಿಂದ ಸುಗಮವಾಗಿ ಸಾಗುತ್ತವೆ. ಆದರೆ ಇವುಗಳಿಂದ ಒಂದು ಕೆಲಸ ಮಾತ್ರ ಆಗದು. ನಡೆದುದನ್ನು ಹೇಳಲಾಗದು. ‘ನಾನು ಹೋದೆ, ನೋಡಿದೆ, ಹೆದರಿದೆ, ಓಡಿದೆ’ ಎನ್ನಲು ಕ್ರಿಯಾಪದ ಬೇಕು. ಇಂಗ್ಲಿಷ್ ಬಾರದ ಅಜ್ಜಿಗೆ ಮೊಮ್ಮಗಳಿಂದ ಬೇಕಾಗಿದ್ದುದೂ ಅದೇ. ‘ಸಾಕು’ ಎಂಬ ಮಾತನ್ನು ದಿನಕ್ಕೆ ಇಪ್ಪತ್ತು ಸಲ ಕೇಳಿ ಆಕೆಗೆ ಸಾಕಾಗಿತ್ತು. ಅಲ್ಲಿ ಏನು ಮಾಡುತ್ತೀಯೆ, ಯಾರ ಸಂಗಡ ಆಡುತ್ತೀಯೆ, ಹಿಮ ಬಿದ್ದಾಗ ಏನು ಮಾಡಿದೆ ಎಂಬುದನ್ನೆಲ್ಲ ಮಗುವಿನ ಬಾಯಿಂದಲೇ ಕೇಳಬೇಕೆಂಬುದು ಆಕೆಯ ಆಸೆ.

ಮೇಷ್ಟರು ಮೂವತ್ತು ವರ್ಷದ ಅಭ್ಯಾಸಬಲದಿಂದ ಒಂದು ನೋಟುಬುಕ್ಕಿಗೆ ರೂಲು ಹಾಕಿದರು. ಮೊದಲ ಪುಟದ ನೆತ್ತಿಯ ಮೇಲೆ ‘ಮಾಡು’ ಎಂದು ಬರೆದರು. ನಾನು, ನಾವು, ನೀನು, ನೀವು, ಅವನು, ಅವಳು, ಅವರು, ಅದು, ಅವು ಎಂದು ಒಂಬತ್ತು ಅಡ್ಡಸಾಲು. ಭೂತ, ವರ್ತಮಾನ, ಭವಿಷ್ಯತ್ತು ಎಂದು ಮೂರು ಉದ್ದಸಾಲು. ಒಟ್ಟು ಇಪ್ಪತ್ತೇಳು ಮನೆ. ‘ಮಾಡಿದೆನು, ಮಾಡಿದೆವು’ ಎಂದು ಆರಂಭವಾಗಿ ‘ಮಾಡುವುವು’ ಎಂಬಲ್ಲಿ ಮುಗಿಯಿತು. ಹುಡುಗಿ ಅದನ್ನು ಕಂಡು ಗುಣಾಕಾರದ ಮಗ್ಗಿಯೆಂದುಕೊಂಡಳು.

ಮೇಷ್ಟರು ‘ಮಾಡು’ವನ್ನು ಆರಿಸಿದುದು ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಇಷ್ಟು ಸಾಧುವಾದ ಧಾತು ಇನ್ನೊಂದಿಲ್ಲ. ಎಲ್ಲಿ ಎಳೆದರೂ ಬರುತ್ತದೆ, ಯಾವ ಪ್ರತ್ಯಯ ಹಚ್ಚಿದರೂ ಹಲ್ಲು ಕಡಿಯುವುದಿಲ್ಲ. ಆದರೆ ಇಪ್ಪತ್ತೇಳನ್ನೂ ಒಂದೇ ದಿನ ಬಡಿಸಿದುದು ಹೆಚ್ಚಾಯಿತೆನ್ನಬೇಕು. ‘ಮಾಡುವುವು’ ಎಂಬ ರೂಪವನ್ನು ಹುಲಿಕೆರೆಯಲ್ಲಿ ದನವಾಗಲಿ ಜನವಾಗಲಿ ಕೇಳಿ ಎಷ್ಟು ಕಾಲವಾಯಿತೊ! ಮಾತಿನ ಕನ್ನಡಕ್ಕೆ ಪ್ರತ್ಯೇಕವಾದ ಭವಿಷ್ಯತ್ಕಾಲದ ಹಂಗೇ ಇಲ್ಲ. ‘ನಾಳೆ ಮಾಡುತ್ತೇನೆ’ ಎಂದರೆ ಕೇಳಿದವನು ನಂಬಿಕೊಂಡು ಹೋಗುತ್ತಾನೆ. ಅಲ್ಲಿಗೆ ಒಂದು ಉದ್ದಸಾಲು ಪೂರ್ತಿಯಾಗಿ ಹೋಯಿತು, ಹದಿನೆಂಟು ಉಳಿಯಿತು. ಅದರಲ್ಲಿಯೂ ನಿಜವಾಗಿ ಕಲಿಯಬೇಕಾದುದು ಹದಿನೆಂಟು ಪದಗಳನ್ನಲ್ಲ.

ಏಕೆಂದರೆ ಕನ್ನಡದ ಕ್ರಿಯಾಪದ ಮೂರು ತುಂಡುಗಳಿಂದಾದ ಬಂಡಿ. ಮುಂದೆ ಧಾತು, ನಡುವೆ ಕಾಲವನ್ನು ತಿಳಿಸುವ ಪ್ರತ್ಯಯ, ಹಿಂದೆ ಮಾಡಿದವರಾರೆಂದು ತಿಳಿಸುವ ಆಖ್ಯಾತ ಪ್ರತ್ಯಯ. ಮಾಡು, ಉತ್ತ, ಏನೆ: ಮಾಡುತ್ತೇನೆ. ಧಾತುವನ್ನು ಕಳಚಿ ಇನ್ನೊಂದನ್ನು ಹೂಡಿದರೆ ಓಡುತ್ತೇನೆ, ಹಾಡುತ್ತೇನೆ, ನೋಡುತ್ತೇನೆ. ಹಿಂದಿನ ತುಂಡನ್ನು ಬದಲಿಸಿದರೆ ಓಡುತ್ತಾನೆ, ಓಡುತ್ತಾಳೆ, ಓಡುತ್ತದೆ. ಭೂತಕಾಲಕ್ಕೆ ಧಾತುವಿನ ಕೊನೆಯ ಉಕಾರ ಇಕಾರವಾಗಿ ನಡುವೆ ಒಂದು ದಕಾರ ಬರುತ್ತದೆ: ಓಡಿದೆ, ಓಡಿದನು, ಓಡಿದಳು, ಓಡಿದರು. ಇಕಾರ ಎಕಾರಗಳಿಂದ ಮುಗಿಯುವ ಧಾತುಗಳದು ಇನ್ನೊಂದು ಮನೆತನ. ಅವು ಭೂತಕಾಲದಲ್ಲಿ ನೇರವಾಗಿ ದಕಾರವನ್ನು ಹತ್ತಿಸಿಕೊಳ್ಳುತ್ತವೆ, ವರ್ತಮಾನದಲ್ಲಿ ನಡುವೆ ಒಂದು ಯಕಾರವನ್ನು ಬೇಡುತ್ತವೆ: ಕುಡಿದೆ, ಕುಡಿಯುತ್ತೇನೆ, ಕರೆದೆ, ಕರೆಯುತ್ತೇನೆ. ಇಷ್ಟು ತಿಳಿದರೆ ಸಾವಿರಾರು ಧಾತುಗಳು ಕೈವಶವಾದಂತೆ. ಸಾಧುವಾದ ಧಾತುವಿನಲ್ಲಿಯೂ ಒಂದು ಪುಂಡ ರೂಪ ಇದೆಯೆಂಬುದು ನಿಜ: ನಾಯಿಗೆ ‘ಓಡಿತು’ ಎನ್ನಬೇಕು, ಅಲ್ಲಿ ದಕಾರವೇ ಮಾಯ. ಅದೊಂದನ್ನು ಬಾಯಿಪಾಠ ಮಾಡಿಕೊಂಡರಾಯಿತು.

ಎರಡನೆಯ ವಾರದ ಹೊತ್ತಿಗೆ ಮೇಷ್ಟರು ನೋಟುಬುಕ್ಕನ್ನು ಮುಚ್ಚಿ ಮೊಮ್ಮಗಳನ್ನು ಕಲ್ಯಾಣಿಗೆ ಕರೆದುಕೊಂಡು ಹೋಗತೊಡಗಿದರು. ಅಲ್ಲಿ ಒಂದು ಆಟ ತಾನಾಗಿಯೇ ಹುಟ್ಟಿತು. ತಾತ ಮೇಲಿನಿಂದ ಒಂದು ಧಾತುವನ್ನು ಕೂಗುವರು. ಹುಡುಗಿ ಒಂದೊಂದು ಮೆಟ್ಟಿಲಿಗೆ ಒಂದೊಂದು ರೂಪ ಹೇಳುತ್ತ ಇಳಿಯುವಳು: ಹಾಡಿದೆ, ಹಾಡಿದೆವು, ಹಾಡಿದೆ, ಹಾಡಿದಿರಿ, ಹಾಡಿದನು... ಮೂರನೆಯ ಮೆಟ್ಟಿಲಿನ ಮೇಲೆ ಆಕೆ ಒಂದು ದಿನ ತಟಕ್ಕನೆ ನಿಂತಳು. ಮೊದಲನೆಯ ಮೆಟ್ಟಿಲಿನದೂ ಮೂರನೆಯದೂ ಒಂದೇ ಆಗಿದೆಯಲ್ಲ! ನಾನು ಹಾಡಿದರೂ ‘ಹಾಡಿದೆ’, ನೀನು ಹಾಡಿದರೂ ‘ಹಾಡಿದೆ’. ಬರಹದ ‘ಹಾಡಿದೆನು’ ಮಾತಿನಲ್ಲಿ ತನ್ನ ಬಾಲ ಕಳೆದುಕೊಂಡುದರಿಂದ ಆದ ಗೊಂದಲವಿದು. ಕನ್ನಡಿಗರು ಇದನ್ನು ಗಮನಿಸದೆಯೇ ಜೀವಮಾನ ಕಳೆಯುತ್ತಾರೆ. ಹನ್ನೊಂದರ ಹುಡುಗಿ ಹದಿನೈದು ದಿನದಲ್ಲಿ ಗಮನಿಸಿದಳು.

ಆಕೆ ಗಮನಿಸಿದ ಇನ್ನೊಂದು ಸಂಗತಿ ಮೇಷ್ಟರನ್ನೂ ತುಸು ಹೊತ್ತು ಕಟ್ಟಿಹಾಕಿತು. ನಾಯಿಗೆ ‘ನೀನು ಬಾ’, ದೇವರಿಗೂ ‘ನೀನು ಬಾ’, ತಾತನಿಗೆ ಮಾತ್ರ ‘ನೀವು ಬನ್ನಿ’ ಏಕೆ? ತಾತ ದೇವರಿಗಿಂತ ದೊಡ್ಡವರೆ? ಗೌರವ, ಬಹುವಚನ ಎಂದೆಲ್ಲ ಅವರು ಬಿಡಿಸಿ ಹೇಳಿದರು. ಅಷ್ಟರಲ್ಲಿ ಇನ್ನೊಂದು ಬಾಣ ಬಂದಿತು: ಹಾಗಿದ್ದರೆ ಅಪ್ಪ ‘ಅಜ್ಜಿ ಬಂದಳು’ ಎನ್ನುವುದೇಕೆ, ಅಜ್ಜಿಗೆ ಗೌರವವಿಲ್ಲವೆ? ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ತಂದೆಗೆ ‘ಬಂದರು’, ತಾಯಿಗೆ ‘ಬಂದಳು’. ಅದು ಸಲಿಗೆಯೋ ಸಸಾರವೋ ಎಂಬುದನ್ನು ವ್ಯಾಕರಣದ ಪುಸ್ತಕ ಹೇಳುವುದಿಲ್ಲ. ಕ್ರಿಯಾಪದದ ಕೊನೆಯ ಒಂದು ಅಕ್ಷರದಲ್ಲಿ ಇಡೀ ಮನೆಯ ಕಟ್ಟಳೆ ಅಡಗಿ ಕುಳಿತಿರುತ್ತದೆ. ಅಜ್ಜಿಯನ್ನೇ ಕೇಳಿದಾಗ ಆಕೆ, ‘ನನ್ನ ಯಾರಾದರೂ ಬಂದರು ಅಂದರೆ ಹಿಂದೆ ಇನ್ಯಾರೋ ಬಂದಿದಾರೆ ಅಂತ ತಿರುಗಿ ನೋಡುತ್ತೇನೆ’ ಎಂದು ನಕ್ಕಳು.

ಊರಿನ ಮಾತು ಬೇರೆ ಪಾಠ ಕಲಿಸುತ್ತಿತ್ತು. ಮನೆಗೆಲಸಕ್ಕೆ ಬರುವಾಕೆ ಒಂದು ಬೆಳಿಗ್ಗೆ ಜಗುಲಿಯ ಮೇಲೆ ಕುಳಿತಿದ್ದ ಹುಡುಗಿಯ ಗಲ್ಲ ಹಿಡಿದು ‘ಏಳವ್ವಾ, ಏಳು’ ಎಂದಳು. ಹುಡುಗಿ ತಟ್ಟನೆ ಎದ್ದು ನಿಂತಳು. ಆಕೆ ಕೇಳಿದುದು ‘ಹೇಳು’ ಎಂದು. ಹಕಾರ ಆ ಸೀಮೆಯ ನಾಲಗೆಗೆ ಒಗ್ಗದು. ಹುಡುಗಿಗೆ ಕೇಳಿಸಿದುದು ‘ಎದ್ದು ನಿಲ್ಲು’ ಎಂದು. ವಿನೋದವೆಂದರೆ ಈ ಎರಡು ಧಾತುಗಳು ಭೂತಕಾಲಕ್ಕೆ ಹೋದೊಡನೆ ಎರಡು ದಾರಿ ಹಿಡಿಯುತ್ತವೆ. ಒಂದು ಹೇಳಿದಳು, ಇನ್ನೊಂದು ಎದ್ದಳು. ಹಕಾರ ಬಿದ್ದುಹೋದರೂ ನಡೆದುದನ್ನು ಹೇಳುವಾಗ ಯಾರಿಗೂ ಗೊಂದಲವಾಗುವುದಿಲ್ಲ.

ಆಷಾಢ ಮುಗಿಯುವ ದಿನ ಭೀಮನ ಅಮಾವಾಸ್ಯೆ. ಹಾಸನ, ಅರಸೀಕೆರೆಗಳಿಂದ ನೆಂಟರು ಬಂದು ನಡುಮನೆ ತುಂಬಿತ್ತು. ಹುಡುಗಿಯ ಚಿಕ್ಕಪ್ಪನೊಬ್ಬನು ‘ಎಲ್ಲಿ, ಏನಾದರೂ ಕನ್ನಡದಲ್ಲಿ ಹೇಳು ನೋಡೋಣ’ ಎಂದನು. ಮಕ್ಕಳನ್ನು ನಡುಮನೆಯಲ್ಲಿ ನಿಲ್ಲಿಸಿ ಹಾಡಿಸುವ, ಕುಣಿಸುವ ಈ ಪದ್ಧತಿ ಎಂದು ನಿಲ್ಲುವುದೊ ತಿಳಿಯದು. ಆದರೂ ಹುಡುಗಿ ಹಿಂಜರಿಯಲಿಲ್ಲ. ಎದ್ದು ನಿಂತು, ಒಂದೊಂದು ಪದವನ್ನೂ ಮೆಟ್ಟಿಲಿಳಿಯುವಂತೆ ಜೋಪಾನವಾಗಿ ಇಡುತ್ತ ಹೇಳಿದಳು:

‘ಬೆಳಿಗ್ಗೆ ನಾನು ಅಜ್ಜಿಗೆ ಹೂವು ಕೊಡಿದೆ. ಅಜ್ಜಿ ನಗಿದಳು. ಆಮೇಲೆ ನಾವು ದೋಸೆ ತಿನ್ನಿದೆವು.’

ಮನೆ ಬಿದ್ದುಹೋಗುವಂತೆ ನಗೆ ಎದ್ದಿತು. ಕೆಟ್ಟ ನಗೆಯೇನಲ್ಲ, ಮುದ್ದಿನ ನಗೆಯೇ. ಚಿಕ್ಕಮ್ಮನೊಬ್ಬಳು ‘ತಿನ್ನಿದೆವು’ ಎಂದು ಎರಡು ಸಲ ಹೇಳಿ ಕಣ್ಣೊರಸಿಕೊಂಡಳು. ಚಿಕ್ಕಪ್ಪನು ಅಂದೇ ಸಂಜೆಯೊಳಗೆ ಹುಡುಗಿಗೆ ‘ಕೊಡಿದೆ’ ಎಂದು ಹೆಸರಿಟ್ಟನು. ಆಮೇಲೆ ಬಂದ ನೆಂಟರಿಗೂ ಅಕ್ಕಪಕ್ಕದವರಿಗೂ ಕತೆ ಹಂಚಿಕೆಯಾಯಿತು. ಹುಡುಗಿ ಮೊದಲು ಎಲ್ಲರೊಡನೆ ತಾನೂ ನಕ್ಕಳು. ಏಕೆ ನಗುತ್ತಿದ್ದಾರೆಂಬುದು ಆಕೆಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಅವಳ ಮುಖ ಸಪ್ಪಗಾಯಿತು. ಮರುದಿನದಿಂದ ಅವಳ ಬಾಯಲ್ಲಿ ಉಳಿದುದು ಮತ್ತೆ ಐದೇ ಮಾತು: ಬೇಕು, ಬೇಡ, ಸಾಕು, ಗೊತ್ತು, ಇಲ್ಲ. ಕಲ್ಯಾಣಿಯ ಆಟಕ್ಕೆ ಕರೆದರೆ ‘ಬೇಡ’. ಅಜ್ಜಿ ಏನಾಯಿತೆಂದು ಕೇಳಿದರೆ ‘ಇಲ್ಲ’. ಫೋನಿನಲ್ಲಿ ತಂದೆಯೊಡನೆ ಮಾತ್ರ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲಿ, ಬಹಳ ಹೊತ್ತು ಏನೇನೋ ಹೇಳುತ್ತಿದ್ದಳು.

ಆ ಮೂರು ವಾಕ್ಯಗಳನ್ನು ಬಿಡಿಸಿ ನೋಡಿದವರಿಗೆ ಅಲ್ಲಿ ನಗುವಂಥದೇನೂ ಕಾಣುವುದಿಲ್ಲ. ಕೊಡು–ಕೊಡಿದೆ, ನಗು–ನಗಿದಳು, ತಿನ್ನು–ತಿನ್ನಿದೆವು. ಮೂರರಲ್ಲಿಯೂ ಉಕಾರ ಇಕಾರವಾಗಿದೆ, ದಕಾರ ತನ್ನ ಸ್ಥಾನದಲ್ಲಿದೆ, ಪುರುಷ, ಲಿಂಗ, ವಚನಗಳು ತಕ್ಕಂತಿವೆ. ಹುಡುಗಿ ನಿಯಮವನ್ನು ತಪ್ಪಿರಲಿಲ್ಲ. ತಪ್ಪಿದ್ದುದು ಕನ್ನಡ. ಯಾರೋ ಹೇಳಿಕೊಟ್ಟುದನ್ನು ಗಿಳಿಯಂತೆ ಒಪ್ಪಿಸಿದ್ದರೆ ‘ಕೊಡಿದೆ’ ಎಂಬ ರೂಪ ಅವಳ ಬಾಯಿಗೆ ಬರುವಂತೆಯೇ ಇರಲಿಲ್ಲ. ಏಕೆಂದರೆ ಅದನ್ನು ಆಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆಕೆ ಅದನ್ನು ತಾನೇ ಕಟ್ಟಿದಳು. ಇಂಗ್ಲಿಷ್ ಮನೆಗಳ ಎಳೆಯ ಮಕ್ಕಳು ‘ವೆಂಟ್’ ಎನ್ನುವ ಬದಲು ‘ಗೋಡ್’ ಎನ್ನುವುದು ಎಲ್ಲರಿಗೂ ತಿಳಿದ ಸಂಗತಿ. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ವಿದುಷಿ, ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳನ್ನು ತಾವೇ ಹುಟ್ಟಿಸಿ ಪುಟ್ಟ ಮಕ್ಕಳ ಮುಂದಿಟ್ಟರು. ಮಕ್ಕಳು ಅವುಗಳಿಗೂ ಬಹುವಚನ, ಭೂತಕಾಲಗಳನ್ನು ಸಲೀಸಾಗಿ ಕಟ್ಟಿಕೊಟ್ಟುವು. ಎಂದೂ ಕೇಳದ ಪದಕ್ಕೆ ರೂಪ ಕಟ್ಟಬಲ್ಲ ಮಗುವಿನ ತಲೆಯಲ್ಲಿ ಪದಗಳ ಪಟ್ಟಿಯಲ್ಲದೆ ನಿಯಮವೂ ಇದೆಯೆಂದೇ ಅರ್ಥ. ಕನ್ನಡದಲ್ಲಿ ‘ದೋಪು’ ಎಂಬ ಧಾತುವೊಂದು ಇದೆಯೆಂದು ಯಾರಾದರೂ ಸುಳ್ಳು ಹೇಳಿದರೆ, ‘ನಿನ್ನೆ ಅವನು ದೋಪಿದನು’ ಎಂದು ಹುಲಿಕೆರೆಯ ಯಾವ ಮಗುವಾದರೂ ಹೇಳೀತು. ಚಿಕ್ಕಪ್ಪನೂ ಹೇಳಿಯಾನು.

ಅಂದು ರಾತ್ರಿ ಮೇಷ್ಟರಿಗೆ ನಿದ್ದೆ ಬರಲಿಲ್ಲ. ನೋಟುಬುಕ್ಕನ್ನು ತೆಗೆದು, ಹುಡುಗಿಯನ್ನು ಎಡವಿಸಿದ ಧಾತುಗಳನ್ನೆಲ್ಲ ಬರೆಯುತ್ತ ಹೋದರು. ಕೊಡು–ಕೊಟ್ಟೆ, ಬಿಡು–ಬಿಟ್ಟೆ, ಇಡು–ಇಟ್ಟೆ, ನೆಡು–ನೆಟ್ಟೆ, ಸುಡು–ಸುಟ್ಟೆ, ಉಡು–ಉಟ್ಟೆ, ತೊಡು–ತೊಟ್ಟೆ. ಪಕ್ಕದಲ್ಲಿ ಸಾಧುಗಳನ್ನು ಬರೆದರು: ಮಾಡು, ಓಡು, ಹಾಡು, ನೋಡು, ಬೇಡು, ಕಾಡು. ಎರಡು ಸಾಲುಗಳನ್ನೂ ನೋಡುತ್ತ ನೋಡುತ್ತ, ಮೂವತ್ತು ವರ್ಷ ಪಾಠ ಹೇಳಿದರೂ ಕಾಣದಿದ್ದ ಒಂದು ಸಂಗತಿ ಕಣ್ಣಿಗೆ ಹೊಳೆಯಿತು. ಎಲ್ಲವೂ ‘ಡು’ವಿನಿಂದಲೇ ಮುಗಿಯುತ್ತವೆ, ಆದರೆ ಮೊದಲನೆಯ ಅಕ್ಷರ ದೀರ್ಘವಾದ ಧಾತುಗಳೆಲ್ಲ ಸಾಧು, ಹ್ರಸ್ವವಾದವೆಲ್ಲ ‘ಟ್ಟ’! ‘ಗು’ವಿನಿಂದ ಮುಗಿಯುವವೂ ಹಾಗೆಯೇ: ಕೂಗು, ತೂಗು ದೀರ್ಘ, ಕೂಗಿದೆ, ತೂಗಿದೆ. ನಗು, ಸಿಗು ಹ್ರಸ್ವ; ನಕ್ಕೆ, ಸಿಕ್ಕೆ. ಹಟಮಾರಿಗಳೆಂದು ಹೆಸರು ಕೆಡಿಸಿಕೊಂಡಿದ್ದ ಧಾತುಗಳು ತಮ್ಮದೇ ಒಂದು ಶಿಸ್ತಿನಲ್ಲಿ ಸಾಲಾಗಿ ನಿಂತಿದ್ದುವು. ಹಾಗೆಂದು ಎಲ್ಲವೂ ಬಗೆಹರಿಯಿತೆನ್ನುವಂತಿಲ್ಲ. ಹೋಗು, ಆಗು ದೀರ್ಘವಾಗಿದ್ದೂ ‘ಹೋದೆ’, ‘ಆದೆ’ ಎಂದು ಓಡಿಹೋಗುತ್ತವೆ. ಹೇಳು, ಕೇಳು ಸಾಧುವಾದರೆ ಬೀಳು, ಏಳು ಪುಂಡ. ಬಾ, ತಾ ಎಂಬ ಅವಳಿಗಳಂತೂ ಯಾರ ಮಾತನ್ನೂ ಕೇಳುವುದಿಲ್ಲ.

ಈ ಪುಂಡರ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಬಾ, ಹೋಗು, ತಾ, ಕೊಡು, ತಿನ್ನು, ಉಣ್ಣು, ಏಳು, ಬೀಳು, ನಗು, ಅಳು, ಸಾಯು. ಮನುಷ್ಯ ಹುಟ್ಟಿದಂದಿನಿಂದ ಸಾಯುವವರೆಗೆ ಬಿಡದೆ ಮಾಡುವ ಕೆಲಸಗಳೆಲ್ಲ ಇಲ್ಲಿವೆ. ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತುಗಳನ್ನು ಯಾರೂ ಹೊಸದಾಗಿ ಕಟ್ಟುವುದಿಲ್ಲ. ಅಜ್ಜ ಆಡಿದ ಹಾಗೆಯೇ ಮೊಮ್ಮಗ ಆಡುತ್ತಾನೆ. ಆದುದರಿಂದ ಅವು ತಮ್ಮ ಹಳೆಯ ರೂಪದಲ್ಲಿಯೇ ಉಳಿಯುತ್ತವೆ. ಭಾಷೆಗೆ ಹೊಸದಾಗಿ ಬಂದು ಸೇರುವ ಧಾತುಗಳು ಮಾತ್ರ ತಪ್ಪದೆ ನಿಯಮಕ್ಕೆ ತಲೆಬಾಗುತ್ತವೆ. ಸಂಸ್ಕೃತದಿಂದ ಬಂದುದು ‘ಇಸು’ ಎಂಬ ಕಂಕಣ ಕಟ್ಟಿಕೊಂಡು ‘ಆರಂಭಿಸಿದೆ’, ‘ಯೋಚಿಸಿದೆ’ ಎಂದು ಸಾಧುವಾಗುತ್ತದೆ. ಇಂಗ್ಲಿಷಿನಿಂದ ಬಂದುದು ‘ಮಾಡು’ವಿನ ಕೈಹಿಡಿದು ‘ಫೋನ್ ಮಾಡಿದೆ’, ‘ಚಾರ್ಜ್ ಮಾಡಿದೆ’ ಎನ್ನುತ್ತದೆ. ಬೀಗರ ಮನೆಗೆ ಬಂದ ಹೊಸಬರು ಪದ್ಧತಿಯನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತಾರೆ. ಮನೆಯ ಹಿರಿಯರು ಮಾತ್ರ ತಮಗೆ ತೋರಿದಂತೆ ಇರುತ್ತಾರೆ.

ಹಿರಿತನವೆಂದರೆ ಎಷ್ಟು ಹಿರಿತನ? ಇದೇ ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನ ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರ ಎಣಿಕೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದು. 1936ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಮೂಲಶಾಸನ ಈಗ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಅದರ ಪ್ರತಿಕೃತಿ. ವೀರನೊಬ್ಬನಿಗೆ ಎರಡು ಹಳ್ಳಿಗಳನ್ನು ಬಿಟ್ಟುಕೊಟ್ಟ ದಾನದ ಸುದ್ದಿ ಅದರಲ್ಲಿದೆ. ಸಂಸ್ಕೃತದ ಉದ್ದುದ್ದ ಸಮಾಸಗಳ ನಡುವೆ ಕೊಡುಗೆಯ ಕ್ರಿಯಾಪದ ಮಾತ್ರ ಅಚ್ಚಗನ್ನಡದ್ದು: ‘ಕೊಟ್ಟಾರ್’. ರೇಫದ ಹಿಂದಿನ ದೀರ್ಘ ಹ್ರಸ್ವವಾಗಿದೆ, ಕೊನೆಗೊಂದು ಉಕಾರ ಬಂದಿದೆ; ಅಷ್ಟರ ಹೊರತು ಒಂದೂವರೆ ಸಾವಿರ ವರ್ಷಗಳಲ್ಲಿ ಆ ಪದ ಮಿಸುಕಿಲ್ಲ. ಇಂದು ಹುಲಿಕೆರೆಯ ಅಂಗಡಿಯವನು ‘ನಿನ್ನೆ ಮೇಷ್ಟರು ದುಡ್ಡು ಕೊಟ್ಟರು’ ಎನ್ನುವಾಗ ಆಡುವುದು ಆ ಕಲ್ಲಿನ ಮಾತನ್ನೇ. ಅಂಥ ಮಾತಿನೆದುರು ಒಂದೂವರೆ ತಿಂಗಳ ಕನ್ನಡದ ಹುಡುಗಿ ಎಡವಿದಳು. ಅದರಲ್ಲಿ ಸೋಜಿಗವೇನು?

ಹೊಯ್ಸಳರ ಕಾಲದಲ್ಲಿಯೇ, ಸುಮಾರು 1260ರಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದನು. ಕವಿ ಜನ್ನನ ಸೋದರಳಿಯನಾತ. ಆಖ್ಯಾತಕ್ಕೆ ಒಂದು ಪ್ರಕರಣ, ಧಾತುವಿಗೆ ಒಂದು ಪ್ರಕರಣ ಎಂದು ಬೇರೆ ಬೇರೆಯಾಗಿ ಮೀಸಲಿಟ್ಟನು. ಕನ್ನಡವನ್ನು ಹುಟ್ಟಿನಿಂದ ಬಲ್ಲವರ ನಡುವೆ ಕುಳಿತು ಅಷ್ಟು ದೊಡ್ಡ ಪಂಡಿತನೇ ಅಷ್ಟು ಶ್ರಮಪಡಬೇಕಾಯಿತು. ಆ ಗ್ರಂಥವನ್ನು 1872ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಜರ್ಮನಿಯಿಂದ ಬಂದ ಕಿಟೆಲ್. 1894ರಲ್ಲಿ ಅವರ ನಿಘಂಟು, 1903ರಲ್ಲಿ ವ್ಯಾಕರಣ ಬಂದುವು. ಇಪ್ಪತ್ತೊಂದರ ಹರೆಯದಲ್ಲಿ ಧಾರವಾಡದ ಕಡೆಗೆ ಬಂದ ಆ ತರುಣ ಮೊದಮೊದಲು ಎಷ್ಟು ಸಲ ‘ಕೊಡಿದೆ’ ಎಂದಿದ್ದಿರಬಹುದೊ! ಪರದೇಶದವನೊಬ್ಬ ಮುರುಕು ಕನ್ನಡದಲ್ಲಿ ಎರಡು ಮಾತಾಡಿದರೆ ಇಂದಿಗೂ ಇಡೀ ಸಭೆ ಚಪ್ಪಾಳೆ ತಟ್ಟುತ್ತದೆ. ಅದೇ ಮುರುಕು ಕನ್ನಡ ಮನೆಯ ಮಗುವಿನ ಬಾಯಿಂದ ಬಂದರೆ ನಗೆ. ‘ಕನ್ನಡದವಳಾಗಿ ಕನ್ನಡ ಬಾರದೆ?’ ಎಂಬ ಒಂದು ಕೊಂಕು ಆ ಮುದ್ದಿನ ನಗೆಯ ಒಳಗೆ ಎಲ್ಲೋ ಇರುತ್ತದೆ. ಮಕ್ಕಳಿಗೆ ಅದು ಚೆನ್ನಾಗಿ ಕೇಳಿಸುತ್ತದೆ. ಹೊರನಾಡುಗಳಲ್ಲಿ ಬೆಳೆದ ಎಷ್ಟು ಮಕ್ಕಳು ಇಂಥ ಒಂದು ಮಧ್ಯಾಹ್ನದ ನಗೆಯಲ್ಲಿ ಕನ್ನಡವನ್ನು ಬಿಟ್ಟುಕೊಟ್ಟಿದ್ದಾರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಹುಡುಗಿಯ ಮೌನ ಆರು ದಿನ ನಡೆಯಿತು. ಏಳನೆಯ ದಿನ ಮಳೆ ಬಿಟ್ಟಿತ್ತು. ಮೇಷ್ಟರು ಕರೆಯದಿದ್ದರೂ ಆಕೆಯೇ ಕಲ್ಯಾಣಿಯ ಕಡೆಗೆ ನಡೆದಳು; ಅವರು ಕೊಡೆ ಹಿಡಿದು ತುಸು ಹಿಂದೆ ಹೋಗಿ ಮೇಲಿನ ಮೆಟ್ಟಿಲಿನಲ್ಲಿ ಕುಳಿತರು. ಕೆಳಗೆ ಒಂದು ಪುಟ್ಟ ಗುಡಿಯ ಪಕ್ಕದಲ್ಲಿ ಹುಡುಗಿ. ಮೇಕೆಗಳನ್ನು ಮೇಯಲು ಬಿಟ್ಟ ಹೆಂಗಸೊಬ್ಬಳು ಸೊಪ್ಪಿನ ಹೊರೆಯಿಳಿಸಿ ಆಕೆಯ ಬಳಿ ಕುಳಿತಳು.

‘ಯಾಕವ್ವಾ, ಒಬ್ಳೇ ಕುಂತಿದ್ದೀಯ?’

ಬಹಳ ಹೊತ್ತು ಉತ್ತರವಿರಲಿಲ್ಲ. ಆಮೇಲೆ ಏನು ತೋರಿತೊ, ಹುಡುಗಿ ಅದೇ ಹಳೆಯ ಮೂರು ವಾಕ್ಯಗಳನ್ನು, ಈ ಸಲ ನೆಲ ನೋಡುತ್ತ, ಹೇಳತೊಡಗಿದಳು.

‘ಅವತ್ತು ನಾನು ಅಜ್ಜಿಗೆ ಹೂವು ಕೊಡಿದೆ.’

‘ಕೊಟ್ಯಾ? ಏನಂದ್ರು ಅಜ್ಜಿ?’

‘ಅಜ್ಜಿ ನಗಿದಳು.’

‘ನಕ್ರಾ? ನಗ್ಲಿ ಬುಡು. ವಯಸ್ಸಾದೋರು ನಗ್ಬೇಕು. ಆಮೇಲೆ?’

‘ದೋಸೆ ತಿನ್ನಿದೆವು.’

‘ತಿಂದ್ರಾ? ನೀ ಎಷ್ಟು ತಿಂದೆ?’

‘ಮೂರು ತಿಂದೆ,’ ಎಂದಳು ಹುಡುಗಿ.

ಮೇಲೆ ಕುಳಿತಿದ್ದ ಮೇಷ್ಟರು ಅಲುಗಾಡಲಿಲ್ಲ. ನೋಟುಬುಕ್ಕಿನ ಇಪ್ಪತ್ತೇಳು ಮನೆಗಳು ಮಾಡಲಾರದ ಕೆಲಸವನ್ನು ಆ ಹೆಂಗಸು ಸೊಪ್ಪು ಬಿಡಿಸುತ್ತ ಬಿಡಿಸುತ್ತಲೇ ಮಾಡಿ ಮುಗಿಸಿದ್ದಳು. ತಿದ್ದಲಿಲ್ಲ, ತಡೆಯಲಿಲ್ಲ; ಸರಿಯಾದ ರೂಪವನ್ನು ಪ್ರಶ್ನೆಯಾಗಿಸಿ ಮಡಿಲಿಗೆ ಹಾಕಿದಳು, ಬೇಕಾದರೆ ಎತ್ತಿಕೊ ಎಂಬಂತೆ. ಮುಖ್ಯವಾಗಿ, ಮುಂದೇನಾಯಿತೆಂಬುದನ್ನು ತಿಳಿಯುವ ಕುತೂಹಲ ಆಕೆಗೆ ನಿಜವಾಗಿಯೂ ಇತ್ತು. ಪ್ರೌಢಶಾಲೆಗೆ ಹೋಗುವ ಅವಳ ಮಗಳು ಮನೆಯಲ್ಲಿ ದಿನವೂ ‘ಬತ್ತೀನಿ ಅಲ್ಲಮ್ಮ, ಬರುತ್ತೇನೆ, ಓಯ್ತೀನಿ ಅಲ್ಲ, ಹೋಗುತ್ತೇನೆ’ ಎಂದು ತಾಯಿಯನ್ನು ತಿದ್ದುತ್ತಾಳೆಂಬುದು ಊರಿಗೆಲ್ಲ ಗೊತ್ತು. ಶುದ್ಧ ಕನ್ನಡ ಬಲ್ಲವರು ಆಕೆಯ ಮಾತಿಗೂ ಎಷ್ಟೋ ಸಲ ನಕ್ಕಿದ್ದರು. ಮೇಷ್ಟರ ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಓದಿ ಬಿಟ್ಟವಳು ಅವಳು.

ಅಂದಿನಿಂದ ಕಲ್ಯಾಣಿಯ ಸಂಜೆಗಳು ಮೂವರದಾದುವು. ಹುಡುಗಿ ಅಮೆರಿಕದ ಹಿಮದ ಕತೆ ಹೇಳಿದಳು. ಹಿಮ ‘ಬೀಳಿತು’ ಎಂದು ಹೇಳಲು ಹೋದವಳಿಗೆ ‘ಬಿತ್ತಾ? ತಲೆ ಮ್ಯಾಲೇ ಬಿತ್ತಾ?’ ಎಂಬ ಗಾಬರಿಯ ಉತ್ತರ ಸಿಕ್ಕಿತು. ಆಗಸ್ಟಿನಲ್ಲಿ ಹೊರಡುವ ಹೊತ್ತಿಗೆ ಅವಳ ಕನ್ನಡ ವಿಚಿತ್ರವಾದ ಹದಕ್ಕೆ ಬಂದಿತ್ತು. ವರ್ತಮಾನವೆಲ್ಲ ತಾತನ ನೋಟುಬುಕ್ಕಿನದು, ಭೂತವೆಲ್ಲ ಮೇಕೆ ಕಾಯುವವಳದು. ‘ನಾಳೆ ಹೋಗುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿದ ಉಸಿರಿನಲ್ಲಿಯೇ ‘ಬಟ್ಟೆ ಎಲ್ಲ ಮಡಗಿ ಆಯ್ತು’ ಎನ್ನುವಳು. ಹಾಸನದ ಚಿಕ್ಕಮ್ಮ ಮತ್ತೆ ನಗಲು ಬಾಯಿ ತೆರೆದಳು. ಅಜ್ಜಿ ಅವಳ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಈಗ ಭಾನುವಾರ ಬೆಳಿಗ್ಗೆ ಮೇಷ್ಟರ ಮನೆಗೆ ಫೋನು ಬರುತ್ತದೆ. ಹುಡುಗಿಯ ತಮ್ಮನಿಗೆ ಐದು ವರ್ಷ. ಅಕ್ಕನಿಂದ ಕನ್ನಡ ಕಲಿಯುತ್ತಿದ್ದಾನೆ. ಕಳೆದ ವಾರ ಅವನು ತೆರೆಯ ತುಂಬ ಮುಖ ತುಂಬಿಸಿಕೊಂಡು, ‘ತಾತಾ, ನಾನು ಫ್ರೆಂಡ್‌ಗೆ ಚೆಂಡು ಕೊಡಿದೆ!’ ಎಂದು ಕಿರುಚಿದನು. ಮೇಷ್ಟರು ಬಾಯಿ ತೆರೆಯುವ ಮೊದಲೇ ಅವನ ಹಿಂದಿನಿಂದ, ಏನನ್ನೋ ಬರೆಯುತ್ತ ಕುಳಿತಿದ್ದ ಅಕ್ಕ ತಲೆ ಎತ್ತದೆಯೇ ಕೇಳಿದಳು:

‘ಕೊಟ್ಯಾ? ಏನಂದ ಅವನು?’